ಅಮೆರಿಕದ ಸಂವಿಧಾನವನ್ನು ಬಾಯಿಪಾಠ ಮಾಡದೆ ಅರ್ಥ ಮಾಡಿಕೊಳ್ಳುವುದು ಹೇಗೆ?

ಅಮೆರಿಕದ ಪೌರತ್ವ ಪರೀಕ್ಷೆಗೆ ಓದುತ್ತಿದ್ದೀರಿ. ಮೂರು ಅಂಗಗಳ ಹೆಸರು, 27 ತಿದ್ದುಪಡಿಗಳು ಎಲ್ಲ ನೆನಪಿವೆ, ಆದರೆ ಒಂದಕ್ಕೊಂದು ಏನು ಸಂಬಂಧ ಅನ್ನೋದು ಹೊಳೆಯುತ್ತಿಲ್ಲ ಎಂದು ಕೇಳಿದ್ದೀರಿ. ನಾನೂ ಇದೇ ಪರೀಕ್ಷೆಗೆ ಓದಿದವನು. ಸಂಖ್ಯೆಗಳನ್ನು ಸ್ವಲ್ಪ ಬದಿಗಿಟ್ಟು, ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿ ನೋಡಿ: ಇದು ಯಾರ ಕೈ ಕಟ್ಟುತ್ತಿದೆ?

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಮೂಲ ಸಂವಿಧಾನದಲ್ಲಿ ಇರುವುದು 7 ವಿಧಿಗಳು ಮಾತ್ರ. ಮೊದಲ ಮೂರು ವಿಧಿಗಳು ಸರ್ಕಾರದ ಮೂರು ಅಂಗಗಳಾದ ಕಾಂಗ್ರೆಸ್ (ಅಮೆರಿಕದ ಸಂಸತ್ತು), ಅಧ್ಯಕ್ಷರು ಮತ್ತು ಕೋರ್ಟುಗಳ ಬಗ್ಗೆ. ಕಾಂಗ್ರೆಸ್ ಕಾನೂನು ಮಾಡುತ್ತದೆ, ಆದರೆ ಅಧ್ಯಕ್ಷರು ಅದಕ್ಕೆ ವಿಟೊ, ಅಂದರೆ ತಡೆ, ಹಾಕಬಹುದು. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಂದರೆ ಆ ವಿಟೊ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸಿದರೂ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. 1952ರಲ್ಲಿ, ಕೊರಿಯಾ ಯುದ್ಧ ನಡೆಯುತ್ತಿದ್ದಾಗ, ಮುಷ್ಕರ ಆಗಿಬಿಡುತ್ತದೆ ಎಂದು ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ನಿಮಗೆ ಆ ಅಧಿಕಾರವಿಲ್ಲ ಎಂದಿತು ಸುಪ್ರೀಂ ಕೋರ್ಟ್. ಅವರು ಕಾರ್ಖಾನೆಗಳನ್ನು ವಾಪಸ್ ಕೊಟ್ಟರು.

ಒಕ್ಕೂಟದ ವಿಷಯ ಸುಲಭ. ನಾಣ್ಯ, ಸೇನೆ, ಬೇರೆ ದೇಶಗಳ ಜೊತೆ ಒಪ್ಪಂದ ಕೇಂದ್ರ ಸರ್ಕಾರದ್ದು. ಶಾಲೆ, ಡ್ರೈವಿಂಗ್ ಲೈಸೆನ್ಸ್, ದಿನನಿತ್ಯದ ಪೊಲೀಸ್ ಕೆಲಸ ಜಾಸ್ತಿ ರಾಜ್ಯಗಳದ್ದು.

ಹಕ್ಕುಗಳ ವಿಷಯ ಹಾಗಲ್ಲ, ಇಲ್ಲಿ ನಿಧಾನವಾಗಿ ಓದಿ. ಮೊದಲ 10 ತಿದ್ದುಪಡಿಗಳು 1791ರಲ್ಲಿ ಬಂದವು. ಮಾತಿನ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ, ಸುಮ್ನೆ ಯಾರೋ ಬಂದು ಮನೆ ಜಾಲಾಡಬಾರದು ಅನ್ನೋ ರಕ್ಷಣೆ, ಎಲ್ಲ ಇಲ್ಲಿವೆ. ಆದರೆ ಇವು ಕಟ್ಟಿದ್ದು ಕೇಂದ್ರದ ಕೈಯನ್ನು ಮಾತ್ರ! 1833ರಲ್ಲಿ ಬಾಲ್ಟಿಮೋರ್ ನಗರದ ಒಬ್ಬ ಧಕ್ಕೆಯ (ಹಡಗು ನಿಲ್ಲುವ ಕಟ್ಟೆಯ) ಮಾಲೀಕರು, ನಗರಾಡಳಿತ ಮಾಡಿದ ಕಾಮಗಾರಿಯಿಂದ ಹೂಳು ತುಂಬಿ ನನ್ನ ಧಕ್ಕೆ ಹಾಳಾಯಿತು, ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. ಈ ತಿದ್ದುಪಡಿಗಳು ರಾಜ್ಯಗಳಿಗೆ, ಅವುಗಳ ಕೆಳಗಿನ ನಗರಗಳಿಗೆ ಅನ್ವಯಿಸುವುದಿಲ್ಲ ಎಂದು ಕೋರ್ಟ್ ಅವರನ್ನು ಬರಿಗೈಯಲ್ಲಿ ಕಳಿಸಿತು.

ಇದನ್ನು ಬದಲಿಸಿದ್ದು ಅಂತರ್ಯುದ್ಧದ ನಂತರ, 1868ರಲ್ಲಿ ಬಂದ 14ನೇ ತಿದ್ದುಪಡಿ. ಸರಿಯಾದ ಕಾನೂನು ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಯಾವ ರಾಜ್ಯವೂ ಕಿತ್ತುಕೊಳ್ಳಬಾರದು ಎಂದು ಅದು ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಸಂವಿಧಾನದಲ್ಲಿ ಇದಕ್ಕಿಂತ ದೊಡ್ಡ ಸಾಲಿಲ್ಲ. ಆದರೂ ಒಂದೊಂದೇ ಹಕ್ಕು ರಾಜ್ಯಗಳನ್ನು ತಲುಪಲು ದಶಕಗಳೇ ಹಿಡಿದವು.

1961ರಲ್ಲಿ ಫ್ಲೋರಿಡಾದ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವನ ಮೇಲೆ ಕಳ್ಳತನದ ಕೇಸು ಬಿತ್ತು. ವಕೀಲರಿಗೆ ಕೊಡಲು ದುಡ್ಡಿಲ್ಲ, ಕೋರ್ಟೇ ಒಬ್ಬರನ್ನು ಕೊಡಲಿ ಎಂದು ಅವನು ಕೇಳಿಕೊಂಡ. ಮರಣದಂಡನೆ ಆಗಬಹುದಾದ ಕೇಸಿಗೆ ಮಾತ್ರ ಹಾಗೆ ಕೊಡಲು ಬರುತ್ತದೆ ಎಂದರು ರಾಜ್ಯದ ನ್ಯಾಯಾಧೀಶರು. ತಾನೇ ವಾದಿಸಿದ, ಸೋತ, 5 ವರ್ಷ ಜೈಲಾಯಿತು. ಜೈಲಿನಿಂದಲೇ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಅಲ್ಲಿನ 9 ನ್ಯಾಯಾಧೀಶರೂ ಅವನ ಪರ ನಿಂತರು. 6ನೇ ತಿದ್ದುಪಡಿ ಕೊಟ್ಟ ವಕೀಲರ ಹಕ್ಕನ್ನು, 14ನೆಯದರ ಬಲದಿಂದ, ರಾಜ್ಯಗಳೂ ಕೊಡಲೇಬೇಕು ಎಂದರು. ಮರುವಿಚಾರಣೆಯಲ್ಲಿ ವಕೀಲರು ಸಿಕ್ಕರು, ಜ್ಯೂರಿ (ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ಗುಂಪು) ಅವನನ್ನು ನಿರ್ದೋಷಿ ಎಂದಿತು. ಕೇಂದ್ರ, ರಾಜ್ಯ, ಕೋರ್ಟು, ಹಕ್ಕು ನಾಲ್ಕೂ ಈ ಒಂದೇ ಕೇಸಿನಲ್ಲಿ ಕಾಣುತ್ತವೆ ಅಲ್ವಾ? ಇದನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ.

ಪೌರತ್ವ ಸಿಗುವವರೆಗೆ ಈ ಹಕ್ಕುಗಳು ನನಗಿಲ್ಲವೇ ಎಂದೂ ಕೇಳಿದ್ದೀರಿ. ಕೇಂದ್ರದ ಚುನಾವಣೆಗಳಲ್ಲಿ ಮತ ಹಾಕುವುದು, ಕೇಂದ್ರದ ಕೋರ್ಟುಗಳ ಜ್ಯೂರಿಯಲ್ಲಿ ಕೂರುವುದು ಪೌರರಿಗೆ ಮಾತ್ರ. ಆದರೆ 14ನೇ ತಿದ್ದುಪಡಿಯ ಕಾನೂನು ಕ್ರಮ ಮತ್ತು ಸಮಾನ ರಕ್ಷಣೆ ಪೌರರಲ್ಲದವರಿಗೂ ಇದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲಾಂಡ್ರಿ ಪರವಾನಗಿ ಕೊಡುವಾಗ ಚೀನೀಯರನ್ನು ಮಾತ್ರ ಹೊರಗಿಟ್ಟಿದ್ದರು. ಅವರು ಅಮೆರಿಕದ ಪೌರರಾಗಿರಲಿಲ್ಲ. 1886ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು ಅವರ ಪರವಾಗಿಯೇ.