ಪ್ಲೇಟ್ ಹೆಚ್ಚಿಸಿದ ಮೇಲೆ ಜೀಪ್ ಎಗರುತ್ತಿದೆ, ಶಾಕ್ ಬದಲಾಯಿಸಬೇಕಾ? – ಪ್ರತಿಕ್ರಿಯೆ

ಶಾಕ್ ಅಬ್ಸಾರ್ಬರ್‌ಗೆ ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಮಹೀಂದ್ರಾ ಎಂಎಂ 540 ಜೀಪು ಸಂಡೂರಿನ ಗಣಿ ರಸ್ತೆಯಲ್ಲಿ ಖಾಲಿ ಓಡುವಾಗ ಎಗರುವುದಕ್ಕೆ ಕಾರಣ ಬಹುಶಃ ಭಾರ ಹೊರಲೆಂದು ಹಿಂಬದಿಯ ಸ್ಪ್ರಿಂಗಿಗೆ ನೀವು ಸೇರಿಸಿದ ಆ ಎರಡೆರಡು ಪ್ಲೇಟುಗಳೇ (ಒಂದರ ಮೇಲೊಂದು ಜೋಡಿಸುವ ಉಕ್ಕಿನ ಪಟ್ಟಿಗಳು). ಭಾರ ಇಲ್ಲದಾಗ ಸ್ಪ್ರಿಂಗ್ ಸರಿಯಾಗಿ ಬಾಗುವುದಿಲ್ಲ. ಗುಂಡಿಯ ಹೊಡೆತ ನೇರ ಚಾಸಿಗೇ ಬರುತ್ತದೆ.

ಮೊದಲು ಚಾಸಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ತೂಗುಕೊಂಡಿ) ಹತ್ತಿರ ರಾಡ್ ಹಾಕಿ ಮೀಟಿ ನೋಡಿ. ಟಕ್ ಟಕ್ ಅಂತ ಆಡಿದರೆ ಅಲ್ಲಿನ ಪಿನ್, ಅದರ ಸುತ್ತ ಕೂರುವ ಬುಷ್ ಬದಲಾಯಿಸಿ. ಆಮೇಲೆ ಸ್ಪ್ರಿಂಗ್ ಬಿಚ್ಚಿಸಿ. ನಮ್ಮ ಕಡೆ ಅದಿರಿನ ಕೆಂಪು ಧೂಳು ಪ್ಲೇಟುಗಳ ನಡುವೆ ಸೇರಿ, ಮಳೆಗೆ ನೆನೆದು, ಒಣಗಿ ಗಾರೆಯ ಹಾಗೆ ಕಚ್ಚಿಕೊಂಡಿರುತ್ತದೆ. ನಮ್ಮ ಜೀಪಿನದ್ದು ಉಳಿ ಹಿಡಿದು ಕೆರೆಯಬೇಕಾಯಿತು. ತಂತಿ ಬ್ರಷ್‌ನಿಂದ ಉಜ್ಜಿ, ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿ. ಜಾಸ್ತಿ ಹಚ್ಚಿದರೆ ಮತ್ತೆ ಧೂಳು ಅಂಟುತ್ತದೆ. ಬಿರುಕು ಬಿಟ್ಟ ಪ್ಲೇಟಿಗೆ ದಯವಿಟ್ಟು ವೆಲ್ಡಿಂಗ್ ಮಾಡಿಸಬೇಡಿ, ಅಲ್ಲೇ ಮುರಿಯುತ್ತದೆ.

ಪ್ರತಿ ಬದಿಗೆ ಒಂದು ಪ್ಲೇಟು ತೆಗೆದರೆ ಸಾಕೋ, ಎರಡೂ ತೆಗೆಯಬೇಕೋ, ಗಾಡಿ ನೋಡದೆ ಹೇಳುವುದು ಕಷ್ಟ. ಒಂದರಿಂದ ಶುರು ಮಾಡಿ, ಎರಡೂ ಬದಿ ಒಂದೇ ಲೆಕ್ಕ ಇರಲಿ. ಸ್ಪ್ರಿಂಗನ್ನು ಆಕ್ಸಲ್‌ಗೆ ಹಿಡಿದಿಡುವ ಯು ಬೋಲ್ಟ್ ಹೊಸದೇ ಹಾಕಿ, ಅದರ ನಟ್‌ಗಳನ್ನು ಅಡ್ಡಡ್ಡ (ಮೂಲೆಯಿಂದ ಎದುರು ಮೂಲೆಗೆ) ಬಿಗಿ ಮಾಡಿ. ರಬ್ಬರ್ ಬುಷ್ ಆದರೆ ಶ್ಯಾಕಲ್ ಬೋಲ್ಟನ್ನು ಚಕ್ರ ನೆಲಕ್ಕೆ ಇಳಿದ ಮೇಲೇ ಬಿಗಿ ಮಾಡಬೇಕು, ಇಲ್ಲಾಂದ್ರೆ ರಬ್ಬರ್ ತಿರುಚಿ ಬೇಗ ಹರಿಯುತ್ತದೆ. ನೂರು ಕಿಲೋಮೀಟರ್ ಓಡಿಸಿ ಯು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಿ.

ಇಷ್ಟಾದ ಮೇಲೂ ಹಂಪ್ ದಾಟಿ ಎರಡು ಮೂರು ಸಲ ತೂಗಿದರೆ ಮಾತ್ರ ಶಾಕ್ ಹೋಗಿದೆ ಅಂತ ಅರ್ಥ. ಆಗ ಗಾಡಿ ನೆಲದ ಮೇಲೆ ನಿಂತಿರುವಾಗಲೇ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಅಳತೆ ತೆಗೆದುಕೊಂಡು ಅಂಗಡಿಗೆ ಹೋಗಿ.