ಸುಝೌನಲ್ಲಿ ಸಂಗೀತ ಮೇಷ್ಟರ ಕೆಲಸ

ಪ್ರಶ್ನೆ: ನಾನು ಪಾಶ್ಚಾತ್ಯ ಪಿಟೀಲು ಕಲಿಸುತ್ತೇನೆ. ಬಾಲ್ಯದಿಂದ ಕರ್ನಾಟಕ ಸಂಗೀತದ ಅಭ್ಯಾಸವೂ ಇದೆ. ಚೀನಾದ ಸುಝೌ ನಗರದ ಅಂತರರಾಷ್ಟ್ರೀಯ ಶಾಲೆಯೊಂದರಲ್ಲಿ ಶಿಕ್ಷಕನ ಕೆಲಸ ಸಿಕ್ಕಿದೆ. ಪತ್ನಿ ವೀಣೆ ಪಾಠ ಹೇಳುತ್ತಾಳೆ. ಸಂಜೆ ಮನೆಯಲ್ಲಿ ಇಬ್ಬರೂ ಪಾಠ ಮಾಡಿ ಒಂದಿಷ್ಟು ಸಂಪಾದಿಸಬಹುದೇ? ನಮ್ಮ ಸಂಗೀತ ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ?
— ಓದುಗ, ಮೈಸೂರು

ಉತ್ತರ: ಮನೆಪಾಠದ ಆಸೆ ಬಿಟ್ಟುಬಿಡಿ. ಕೆಲಸದ ಪರವಾನಗಿ ನಿಮ್ಮನ್ನು ನೇಮಿಸಿಕೊಂಡ ಶಾಲೆಗಷ್ಟೇ ಸಲ್ಲುತ್ತದೆ. ಹೊರಗೆ ಹಣ ಪಡೆದು ಕಲಿಸಿದರೆ ಅದು ಅಕ್ರಮ ದುಡಿಮೆ: 5,000ದಿಂದ 20,000 ಯುವಾನ್ ದಂಡ, ಗಂಭೀರವೆನಿಸಿದರೆ 5ರಿಂದ 15 ದಿನ ಬಂಧನ. ಚೀನಾದಲ್ಲೇ ಕಲಿಸುತ್ತಿರುವ ನನಗೆ ಗೊತ್ತು, ಇಲ್ಲಿನ ತಾಯಂದಿರು ಬಹಳ ವಿಶ್ವಾಸದಿಂದ ಕೇಳುತ್ತಾರೆ, ಕೈತುಂಬ ಕೊಡಲೂ ಸಿದ್ಧರಿರುತ್ತಾರೆ. ಆಗಲೂ ಬೇಡ. ನಿಮ್ಮ ಪತ್ನಿ ಕುಟುಂಬದವರಿಗೆ ಕೊಡುವ ಎಸ್‌1 ವೀಸಾದಲ್ಲಿ ಬಂದರೆ ದುಡಿಯುವಂತಿಲ್ಲ. ಅವರ ಹೆಸರಿನಲ್ಲೇ ಪರವಾನಗಿ ಆಗಬೇಕು. ದಂಪತಿಯನ್ನು ಒಟ್ಟಿಗೆ ನೇಮಿಸಿಕೊಳ್ಳುವ ಶಾಲೆಗಳುಂಟು. ಸಹಿ ಹಾಕುವ ಮೊದಲೇ ಕೇಳಿ.

ಶಾಲೆ ಯಾವ ಬಗೆಯದೆಂದೂ ವಿಚಾರಿಸಿ. ವಿದೇಶಿ ಪಾಸ್‌ಪೋರ್ಟಿನ ಮಕ್ಕಳಿಗೆಂದೇ ಇರುವ ಶಾಲೆ ಬೇರೆ, ಚೀನೀ ಮಕ್ಕಳು ಓದುವ ದ್ವಿಭಾಷಾ ಖಾಸಗಿ ಶಾಲೆ ಬೇರೆ. ಎರಡನೆಯದರಲ್ಲಿ ಒಂಬತ್ತನೇ ತರಗತಿಯವರೆಗೆ ಸರ್ಕಾರಿ ಪಠ್ಯಕ್ರಮ ಕಡ್ಡಾಯ. ಪದವಿ, ಅನುಭವ, ಪೊಲೀಸ್ ಪ್ರಮಾಣಪತ್ರಗಳ ದೃಢೀಕರಣವನ್ನು ಈಗಲೇ ಶುರುಮಾಡಿ. ಕೆಲಸಕ್ಕೆಂದು ಕೊಡುವ ಝಡ್ ವೀಸಾದಲ್ಲಿ ಬಂದಿಳಿದ 30 ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು.

ಇನ್ನು ನಮ್ಮ ಸಂಗೀತ. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಗ್ರೇಡ್ ಪರೀಕ್ಷೆಗಳಿಗೆ ಸಾಧನೆ ಮಾಡಿದ ಇಲ್ಲಿನ ಮಕ್ಕಳ ಬೆರಳು ಅದ್ಭುತ. ಆದರೆ ನುಡಿಸಿದ್ದನ್ನು ಬಾಯಲ್ಲಿ ಹಾಡು ಎಂದರೆ ತಲೆ ತಗ್ಗಿಸುತ್ತಾರೆ. ಆರನೇ ತರಗತಿಯ ಹುಡುಗಿಯೊಬ್ಬಳು ಅಜ್ಜನ ಹಾಳೆಯೊಂದನ್ನು ತಂದಿದ್ದಳು. ಅದು ಜಿಯೆನ್‌ಪು, ಅಂದರೆ ಅಂಕಿಗಳಲ್ಲಿ ಬರೆದ ಸ್ವರಲಿಪಿ. 1 ಎಂದರೆ ಷಡ್ಜ, ನಮ್ಮ ‘ಸ’. ತಾರಸ್ಥಾಯಿಗೆ ಮೇಲೆ ಚುಕ್ಕಿ, ಮಂದ್ರಕ್ಕೆ ಕೆಳಗೆ, ಥೇಟ್ ನಮ್ಮ ಪುಸ್ತಕಗಳಂತೆ. ಕಾಲ ಇಮ್ಮಡಿಸಲು ನಾವು ಸ್ವರದ ಮೇಲೆ ಗೆರೆ ಎಳೆದರೆ ಅವರು ಕೆಳಗೆ ಎಳೆಯುತ್ತಾರೆ, ಅಷ್ಟೇ. ಅವಳ ಹಾಳೆಯಲ್ಲಿದ್ದದ್ದು 1, 2, 3, 5, 6 ಮಾತ್ರ. ನಾನು ಸ ರಿ ಗ ಪ ದ ಎಂದು ಹಾಡಿದೆ, ನಮ್ಮ ಮೋಹನ ರಾಗವೇ! ಆ ಐದರೊಳಗೇ ಇಬ್ಬರೂ ಒಬ್ಬರಿಗೊಬ್ಬರು ಕಲ್ಪನಾಸ್ವರ, ಅಂದರೆ ಆಗಲೇ ಹೊಳೆದ ಸ್ವರಗಳನ್ನು, ಹಾಕಿದೆವು. ನಾಚಿಕೆಯಿಂದ ಮೊದಲು ಎರಡೇ ಸ್ವರ ಹಾಡಿದವಳು ಗಂಟೆ ಬಾರಿಸಿದರೂ ಏಳಲಿಲ್ಲ. ಈಗ ನನ್ನ ಎಲ್ಲ ತರಗತಿಗಳೂ ಹಾಡಿನಿಂದಲೇ ಆರಂಭವಾಗುತ್ತವೆ. ಕಿವಿಯಿಂದ ಕಲಿಯುವ, ಆ ಕ್ಷಣಕ್ಕೆ ಹುಟ್ಟಿಸಿ ಹಾಡುವ ಧೈರ್ಯ ಈ ಮಕ್ಕಳಿಗೆ ನಿಮ್ಮಿಂದ ಬರಬೇಕು.

ನೀವೂ ಕಲಿಯಿರಿ. ಇಲ್ಲಿನ ಕಮಾನುವಾದ್ಯ ಅರ್‌ಹುವಿಗೆ ಎರಡೇ ತಂತಿ, ಕಮಾನು ಅವುಗಳ ನಡುವೆಯೇ ಓಡುತ್ತದೆ, ಬೆರಳಿನಡಿ ಹಲಗೆಯೇ ಇಲ್ಲ. ಅದರ ಜಾರು ಕೇಳಿದರೆ ಪಿಟೀಲಿನವರ ಕೈ ಸುಮ್ಮನಿರದು. ಪಿಂಗ್‌ಜಿಯಾಂಗ್ ರಸ್ತೆಯ ಚಹಾ ಅಂಗಡಿಗಳಲ್ಲಿ ಪಿಪಾ, ಸಾನ್‌ಶಿಯೆನ್ ಎಂಬ ತಂತಿವಾದ್ಯಗಳನ್ನು ಹಿಡಿದು ಕಥೆ ಹೇಳುವ ಪಿಂಗ್‌ಟಾನ್ ಕಲಾವಿದರಿದ್ದಾರೆ. ಪತ್ನಿಯವರನ್ನು ಖಂಡಿತ ಕರೆದೊಯ್ಯಿರಿ.

ವೀಣೆಯನ್ನು ತನ್ನಿ, ಆದರೆ ಹೊರಡುವ ಮೊದಲು ಮೇಳ ಕಟ್ಟಿಸಿಕೊಳ್ಳಿ, ಅಂದರೆ ಹೊಸ ಮೇಣದಲ್ಲಿ ಮೆಟ್ಟಿಲುಗಳನ್ನು ಕೂರಿಸಿಕೊಳ್ಳಿ. ಜೂನ್ ಮಧ್ಯದ ಜಡಿಮಳೆಯ ತೇವ, ಅದರ ಬೆನ್ನಿಗೇ ಉರಿಬಿಸಿಲು. ಹಳೆಯ ಮೇಣ ತಡೆಯುವುದಿಲ್ಲ.