ಮಳೆಗಾಲದಲ್ಲಿ ನೆಟ್‌ವರ್ಕ್ ಅನಲೈಸರ್ ಒಂದೊಂದು ಸಲ ಒಂದೊಂದು ರೀಡಿಂಗ್ ಕೊಡುತ್ತಿದೆ, ಸರ್ವೀಸಿಗೆ ಕಳಿಸಬೇಕಾ?

ಸಾಗರದ ನಿಮ್ಮ ಲ್ಯಾಬಿನಲ್ಲಿ ಮಳೆ ಹಿಡಿದ ಮೇಲೆ ಅನಲೈಸರ್ (ಕೇಬಲ್, ಆಂಟೆನಾದಂಥವುಗಳಿಗೆ ರೇಡಿಯೊ ಸಿಗ್ನಲ್ ಕಳಿಸಿ ಎಷ್ಟು ದಾಟಿತು, ಎಷ್ಟು ಹಿಂದೆ ಬಂತು ಅಂತ ಅಳೆಯುವ ಮಷೀನ್) ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ರೀಡಿಂಗ್ ತೋರಿಸುತ್ತಿದೆ, ಬೆಂಗಳೂರಿಗೆ ಕಳಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನಾನು ಶಿವಮೊಗ್ಗದಲ್ಲಿ ಇಂಥದೇ ಲ್ಯಾಬ್ ನೋಡಿಕೊಳ್ಳುತ್ತೇನೆ. ಮಷೀನನ್ನು ಬೈಯುವ ಮೊದಲು ಕೇಬಲ್ ತುದಿ ನೋಡಿ.

ಕೇಬಲ್ ತುದಿಗೆ ಶಾರ್ಟ್ (ಸಿಗ್ನಲ್ಲನ್ನು ಪೂರ್ತಿ ಹಿಂದೆ ಕಳಿಸುವ ಪುಟ್ಟ ಮುಚ್ಚಳ) ಹಾಕಿ, ಪರದೆಯ ಮೇಲೆ ಫೇಸ್ ಟ್ರೇಸ್, ಅಂದರೆ ಹಿಂದೆ ಬಂದ ಸಿಗ್ನಲ್ಲಿನ ಫೇಸ್ ತೋರಿಸುವ ಗೆರೆ, ನೋಡುತ್ತಾ ಕೇಬಲ್ಲನ್ನು ಮೆಲ್ಲಗೆ ಬಾಗಿಸಿ. ಸ್ವಲ್ಪ ಅಲ್ಲಾಡುವುದು ಮಾಮೂಲು. ಗಕ್ಕನೆ ಜಿಗಿದರೆ, ಅಥವಾ ಕೈ ಬಿಟ್ಟ ಮೇಲೂ ಮೊದಲಿನ ಜಾಗಕ್ಕೆ ಬರದಿದ್ದರೆ ಕೇಬಲ್ಲೋ ಕನೆಕ್ಟರೋ ಕೆಟ್ಟಿದೆ. ಆಮೇಲೆ ಕೇಬಲ್ ಬಿಚ್ಚಿ, ಶಾರ್ಟನ್ನು ನೇರ ಮಷೀನಿನ ಪೋರ್ಟಿಗೇ ಹಾಕಿ. ಅಲ್ಲಿ ಟ್ರೇಸ್ ಅಲುಗದೆ ನಿಂತರೆ ಮಷೀನ್ ಪಾಡಿಗೆ ಮಷೀನ್ ಚೆನ್ನಾಗಿದೆ.

ಕರೆಂಟ್ ಹೋಗಿ ಬಂದ ಕೂಡಲೇ ಅಳೆಯುತ್ತಿದ್ದೀರಾ? ಮಲೆನಾಡಲ್ಲಿ ಅದು ಹೇಳಬೇಕಾ! ಆನ್ ಮಾಡಿ ಕಡಿಮೆ ಅಂದರೂ ಅರ್ಧ ಗಂಟೆ ಬಿಟ್ಟು ಕ್ಯಾಲಿಬ್ರೇಟ್ ಮಾಡಿ (ಶಾರ್ಟ್‌ನಂಥ ಗೊತ್ತಿರುವ ತುಂಡುಗಳನ್ನು ಅಳೆದು ಮಷೀನಿನ ಲೆಕ್ಕ ಸರಿಮಾಡುವುದು). ಬಿಸಿಯಾಗುವ ಮೊದಲೇ ಮಾಡಿದ ಕ್ಯಾಲಿಬ್ರೇಷನ್ ಮಧ್ಯಾಹ್ನಕ್ಕೆ ಜಾರಿರುತ್ತದೆ.

ಈಗ ಕನೆಕ್ಟರ್. ಭೂತಗನ್ನಡಿ, ಟಾರ್ಚ್ ಹಿಡಿದು ಒಳಗೆ ನೋಡಿ. ಫೀಮೇಲ್ ಕಡೆಯ ನಡುವಿನ ಸೀಳಿದ ಬೆರಳುಗಳಲ್ಲಿ ಒಂದು ಸ್ವಲ್ಪ ಹೊರಗೆ ಬಾಗಿದ್ದರೂ ಸಾಕು, ಸಂಪರ್ಕ ಹದ ತಪ್ಪುತ್ತದೆ. ಕಪ್ಪು ಪುಡಿ, ಲೋಹದ ಚೂರು ಕಂಡರೆ ನೂಲು ಬಿಡದ ಸ್ವಾಬಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಹಚ್ಚಿ ಒರೆಸಿ. 99 ಶೇಕಡಾದ್ದೇ ಬೇಕು. ಮೆಡಿಕಲ್ ಶಾಪಿನ 70ರದ್ದರಲ್ಲಿ ನೀರಿದೆ, ನಮ್ಮ ಹವೆಯಲ್ಲಿ ಅದು ಬೇಗ ಆರುವುದೂ ಇಲ್ಲ. ಪಿನ್ನನ್ನು ಅಡ್ಡಕ್ಕೆ ತಳ್ಳಬೇಡಿ. ಕಿವಿಗೆ ಹಾಕುವ ಹತ್ತಿ ಕಡ್ಡಿ ಬೇಡ, ಎಳೆ ಬಿಡುತ್ತದೆ. ಗ್ಯಾರೇಜಿನ ಕಂಪ್ರೆಸರ್ ಗಾಳಿಯೂ ಬೇಡ, ಅದರಲ್ಲಿ ಎಣ್ಣೆ, ನೀರು ಎರಡೂ ಇರುತ್ತವೆ.

ಹುಡುಗರು ಜಾಸ್ತಿ ಹಾಳು ಮಾಡುವುದು ಬಿಗಿಯುವಾಗ. ಕೇಬಲ್ ಹಿಡಿದು ನಲ್ಲಿ ತಿರುಗಿಸಿದ ಹಾಗೆ ತಿರುಗಿಸುತ್ತಾರೆ. ಒಳಗಿನ ಪಿನ್ ಉಜ್ಜಿ ಚಿನ್ನದ ಲೇಪ ಎದ್ದುಹೋಗುತ್ತದೆ. ಕನೆಕ್ಟರಿನ ಮೈಯನ್ನು ಅಲ್ಲಾಡದಂತೆ ಹಿಡಿದು ನಟ್ ಮಾತ್ರ ತಿರುಗಿಸಬೇಕು. ಕೊನೆಗೆ ಟಾರ್ಕ್ ರೆಂಚ್ (ಇಷ್ಟೇ ಬಿಗಿ ಅಂತ ಅಳೆದು ಬಿಗಿಯುವ ಸ್ಪ್ಯಾನರ್): ಹಿತ್ತಾಳೆಯ ಎಸ್‌ಎಂಎ ಕನೆಕ್ಟರಿಗೆ 0.56 ನ್ಯೂಟನ್ ಮೀಟರ್, 3.5 ಎಂಎಂ ಕನೆಕ್ಟರಿಗೆ 0.9. ಮಾಮೂಲಿ ಸ್ಪ್ಯಾನರ್ ಹಾಕಿ ಬಲ ತೋರಿಸಬೇಡಿ. ಎನ್ ಟೈಪ್ ಕನೆಕ್ಟರ್ ಇದ್ದರೆ 50 ಓಂ ಗಂಡು ಪಿನ್ನನ್ನು 75 ಓಂ ಹೆಣ್ಣಿಗೆ ಹಾಕಲೇಬೇಡಿ. 50ರ ಪಿನ್ ದಪ್ಪ, ಹೆಣ್ಣಿನ ಬೆರಳುಗಳು ಹರಿದೇ ಹೋಗುತ್ತವೆ. ಪೋರ್ಟಿಗೆ ಒಂದು ಕನೆಕ್ಟರ್ ಸೇವರ್ (ಪೋರ್ಟಿಗೂ ಕೇಬಲ್ಲಿಗೂ ನಡುವೆ ಹಾಕುವ ಚಿಕ್ಕ ಅಡಾಪ್ಟರ್) ಹಾಕಿಟ್ಟರೆ ಸವೆಯುವುದು ಅದು, ಪೋರ್ಟಲ್ಲ.

ಕೆಲಸ ಮುಗಿದ ಮೇಲೆ ಎರಡೂ ತುದಿಗೆ ಪ್ಲಾಸ್ಟಿಕ್ ಕ್ಯಾಪ್. ಕೇಬಲ್ಲನ್ನು ಗೋಡೆಯ ಮೊಳೆಗೆ ನೇತುಹಾಕಬೇಡಿ, ಒಂದೇ ಕಡೆ ಮಡಚಿಕೊಳ್ಳುತ್ತದೆ. ದೊಡ್ಡ ಸುತ್ತಾಗಿ ಸುತ್ತಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಮತ್ತೆ ಒಣಗಿಸಬೇಕು, ಇಲ್ಲಿ ಆಷಾಢದಲ್ಲಿ ಅದು ಬೇಗ ತಿರುಗುತ್ತದೆ.

ಇಷ್ಟೆಲ್ಲ ಆದ ಮೇಲೂ ನೇರ ಪೋರ್ಟಿಗೆ ಹಾಕಿದ ಶಾರ್ಟ್ ಕುಣಿದರೆ ಕಳಿಸಿ. ಜೊತೆಗೆ ಕೇಬಲ್ಲನ್ನೂ ಕಳಿಸಿ, ಬರೀ ಮಷೀನ್ ಹೋದರೆ 'ಸರಿ ಇದೆ' ಅಂತ ವಾಪಸ್ ಬಂದುಬಿಡುತ್ತದೆ.